ಐದು ನಿಮಿಷ

“ಐದು ನಿಮಿಷ ತಡೆಯಿರಿ ಮೇಡಂ, ತಿಪಟೂರು ಬಂದೇ ಬಿಟ್ಟಿತು.”

ಬಸ್ ಆಗಷ್ಟೇ ಕೆ.ಬಿ. ಕ್ರಾಸ್ ದಾಟಿತ್ತು. ಐದು ನಿಮಿಷದಲ್ಲಿ ತಿಪಟೂರು ಸೇರಬೇಕಾದರೆ ಅದಕ್ಕೆ ರೆಕ್ಕೆ ಮೂಡಬೇಕಿತ್ತು. ಭಾನುವಾರದಿಂದ ಈ ಮಾತು ನನ್ನ ತಲೆಯಿಂದ ಇಳಿಯುತ್ತಿಲ್ಲ.

ಬಸ್ ನಿಲ್ಲಿಸಿ ಎಂದು ಕೇಳಿದವಳು ನನ್ನ ಗೆಳತಿ. ಅವಳ ತಮ್ಮನ ಮನೆಯ ಗೃಹಪ್ರವೇಶಕ್ಕೆಂದು ಕಡೂರಿಗೆ ಹೊರಟಿದ್ದೆವು. ಅವಳು ಕಂಡಕ್ಟರ್ ಕಿವಿಗಷ್ಟೇ ಬೀಳುವಂತೆ ಮೆಲ್ಲಗೆ ಕೇಳಿದ್ದಳು; ಅವನು ಇಡೀ ಬಸ್ಸಿಗೆ ಕೇಳುವಂತೆ ಉತ್ತರಿಸಿದ. ವಾಪಸು ಬಂದು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಳು. ಹಣೆಯ ಬೆವರಿಗೆ ಕುಂಕುಮ ಕರಗಿ ಹುಬ್ಬಿನತ್ತ ಇಳಿಯುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಬೆರಳೆತ್ತಿ ತಡೆದಳು. ಉಸಿರು ಎಣಿಸುತ್ತಿದ್ದಳು.

ಆಮೇಲೆ ನಾನೇ ಎದ್ದು ನಿಂತೆ. “ಗಾಡಿ ನಿಲ್ಲಿಸಿ! ನನಗೆ ಹೊಟ್ಟೆ ಕೆಟ್ಟಿದೆ, ಇಲ್ಲೇ ಆಗಿಬಿಡುತ್ತದೆ!”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಬಸ್ ತೊಳೆಯುವ ಪಾಡು ಡ್ರೈವರ್ ಕಣ್ಣ ಮುಂದೆ ಬಂದಿರಬೇಕು, ಪೆಟ್ರೋಲ್ ಬಂಕ್ ಎದುರು ಬ್ರೇಕ್ ಬಿತ್ತು. ಇಳಿದು ಓಡಿದವಳು ಅವಳು. ಬಸ್ ಹೊರಡದಿರಲೆಂದು ನಾನು ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ನಿಂತೆ.

“ಹೊಟ್ಟೆ ಕೆಟ್ಟಿದ್ದು ನಿಮಗಲ್ಲವೇ?” ಎಂದ ಕಂಡಕ್ಟರ್.

“ಇಬ್ಬರಿಗೂ” ಎಂದೆ.

ಕೆಟ್ಟವನೇನಲ್ಲ ಆತ. ತಡೆದುಕೊಳ್ಳುವುದು ಮನಸ್ಸಿನ ಕೆಲಸವೆಂದು ನಾವೆಲ್ಲ ನಂಬಿದ್ದೇವೆ. ಕರುಳಿನ ಗೋಡೆಯೇ ಊದಿ ಹುಣ್ಣಾಗಿರುವಾಗ ಅದು ಯಾರ ಮನಸ್ಸಿನ ಮಾತನ್ನು ಕೇಳುತ್ತದೆ? ಅವಳದು ಕ್ರೋನ್ಸ್ ಕಾಯಿಲೆ. ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಬಂದರೆ ಪೂರ್ತಿ ಹೋಗುವುದಿಲ್ಲ. 1932ರಲ್ಲಿ ಇದನ್ನು ವಿವರಿಸಿದವರಲ್ಲಿ ಬರಿಲ್ ಕ್ರೋನ್ ಎಂಬ ನ್ಯೂಯಾರ್ಕಿನ ವೈದ್ಯರೂ ಒಬ್ಬರು. “ನಾನು ಅಮೆರಿಕ ನೋಡದಿದ್ದರೂ ನನ್ನ ಕರುಳಿಗೆ ಅಮೆರಿಕದ ಹೆಸರಿದೆ” ಎನ್ನುತ್ತಾಳೆ. ನಮ್ಮಲ್ಲಿ ಕರುಳಿನ ಕ್ಷಯವೂ ಹೆಚ್ಚು, ಎರಡೂ ನೋಡಲು ಅಣ್ಣತಮ್ಮಂದಿರಂತೆ. ಹಾಗಾಗಿ ಮೊದಲು ಕೆಲವು ತಿಂಗಳು ಕ್ಷಯದ ಮಾತ್ರೆ ನುಂಗಿದಳು; ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು, ಹೊಟ್ಟೆನೋವು ಇದ್ದಲ್ಲೇ ಇತ್ತು.

ಆ ದಿನಗಳಲ್ಲಿ ನಾನೇನು ಮಾಡಿದೆ? “ಟೆನ್ಷನ್ ಬಿಡು, ಮೆಂತ್ಯ ನೆನೆಸಿ ನುಂಗು” ಎಂದೆ. ಸಿನಿಮಾಕ್ಕೆ ಬರುವುದಿಲ್ಲ ಎಂದಾಗ ಮುನಿಸಿಕೊಂಡೆ. ಹೊರಡುವ ಹೊತ್ತಿಗೆ ಅವಳು ಮತ್ತೊಮ್ಮೆ ಶೌಚಾಲಯಕ್ಕೆ ಹೋದರೆ ಹೊರಗೆ ನಿಂತು ಗಡಿಯಾರ ನೋಡಿಕೊಂಡೆ. ಕಂಡಕ್ಟರ್‌ಗೆ ಟಿಕೆಟ್ ಹರಿಯುವ ಕೆಲಸವಾದರೂ ಇತ್ತು, ನನಗೇನಿತ್ತು?

ಗೃಹಪ್ರವೇಶದಲ್ಲಿ ಅವಳ ಸೋದರತ್ತೆ ಗಲ್ಲ ಹಿಡಿದು, “ಮುಖ ತುಂಬಿಕೊಂಡಿದೆ, ಈಗ ಚೆನ್ನಾಗಿದ್ದೀಯ” ಎಂದರು. ಅದು ಸ್ಟೆರಾಯ್ಡ್ ಮಾತ್ರೆಗೆ ಊದಿದ ಮುಖ. ಎರಡನೆಯ ಹೋಳಿಗೆ ಎಲೆಗೆ ಬೀಳುವಷ್ಟರಲ್ಲಿ ನಾನು ಅದನ್ನು ನನ್ನ ಎಲೆಗೆ ಎಳೆದುಕೊಂಡೆ. ಈ ವಿದ್ಯೆಯಲ್ಲಿ ನನಗೀಗ ಒಳ್ಳೆಯ ಪಳಗಿಕೆ.

ರಾತ್ರಿ ಚಾಪೆ ಹಾಸಿಕೊಂಡು ಮಲಗಿದಾಗ ಬಸ್ಸಿನ ಮಾತು ತೆಗೆದಳು. ಶಭಾಷ್ ಎನ್ನುತ್ತಾಳೆ ಎಂದುಕೊಂಡಿದ್ದೆ.

“ನೀನು ಕೂಗಿದೆ, ನಿಲ್ಲಿಸಿದ. ನಾನು ಕೇಳಿದೆ, ನಿಲ್ಲಿಸಲಿಲ್ಲ.”

“ನೀನೂ ಕೂಗಬೇಕಿತ್ತು.”

“ಪ್ರತಿ ಸಲವೂ ಕೂಗಬೇಕೇನೇ?”

ಕಾಯಿಲೆ ಕೆರಳಿದ ದಿನ ಅದು ಹತ್ತು ಸಲವಾದರೂ ಆಗುತ್ತದೆ. ನಾನು ಮಗ್ಗುಲು ಬದಲಿಸಿದೆ.

ಮರುದಿನ ಬಸ್ಸಿನ ಗೊಡವೆ ಬೇಡವೆಂದು ಕಡೂರಿನಲ್ಲಿ ರೈಲು ಹತ್ತಿದೆವು. ವಾಸನೆ ಎಂದು ಎಲ್ಲರೂ ಮೂಗು ಮುರಿಯುವ, ಶೌಚಾಲಯದ ಪಕ್ಕದ ಸೀಟುಗಳೇ ಖಾಲಿ ಇದ್ದವು. ತಿಪಟೂರು ಬಂದಾಗ ಎಬ್ಬಿಸಿ ತೋರಿಸೋಣ ಎಂದುಕೊಂಡೆ. ಬಾಯಿ ತೆರೆದುಕೊಂಡು, ಗೊರಕೆ ಹೊಡೆಯುತ್ತ ಮಲಗಿದ್ದಳು.