ಸಾಂತಾನಕ್ಕೆ ಹೊರಟಿದ್ದೀರಾ? ಊರಿನ ಹೆಸರನ್ನು ಎರಡು ಸಲ ಕೇಳಿಕೊಳ್ಳಿ

ಧಾರವಾಡದಿಂದ ಅವ್ವ ಬಂದಿದ್ದಳು. ಗೋವಾದ ತಲಾವ್ಲಿಯ ಸಂತ ಅನ್ನಾ ಚರ್ಚು ತೋರಿಸೋಣವೆಂದು ವಾಸ್ಕೋದಿಂದ ಕಾರು ತೆಗೆದೆ. ಮೊಬೈಲಿನಲ್ಲಿ ಬರೀ ‘ತಲಾವ್ಲಿ’ ಎಂದು ಹುಡುಕಿದ್ದೇ ತಪ್ಪಾಯಿತು. ಹೋಗಿ ಮುಟ್ಟಿದ್ದು ಫೋಂಡಾ ಕಡೆಯ ತಲಾವ್ಲಿಗೆ! ನಿಮಗೆ ಬೇಕಾದ್ದು ತಿಸ್ವಾಡಿ ತಾಲೂಕಿನದು, ಜನ ಸಾಂತಾನ ಅನ್ನುವುದು.

ಬಸ್ಸಿನಲ್ಲಿ ಬರುವವರಿಗೆ ಇನ್ನೊಂದು ತೊಡಕು. ಇಳಿಯಬೇಕಾದ್ದು ಗೋವಾ ವೆಲ್ಹಾದಲ್ಲಿ. ಹೆಸರಿನ ಅರ್ಥ ಹಳೇ ಗೋವಾ ಅಂತಲೇ, ಆದರೆ ಬಾಸಿಲಿಕಾ ಎಂಬ ದೊಡ್ಡ ಚರ್ಚು ಇರುವ ಓಲ್ಡ್ ಗೋವಾ ಬೇರೆ. (ಗೋವಾ ವೆಲ್ಹಾ ಗೋವೆಯ ಕದಂಬರ ರಾಜಧಾನಿ ಗೋಪಕಪಟ್ಟಣವಿದ್ದ ಜಾಗ. ಅವರ ಹೆಸರೀಗ ಸರಕಾರಿ ಬಸ್ಸಿನ ಮೇಲಿದೆ.) ಪಣಜಿ–ಮಡಗಾಂವ್ ಶಟಲ್ ಹತ್ತಬೇಡಿ, ನಡುವೆ ನಿಲ್ಲುವುದಿಲ್ಲ. ಸಾದಾ ಬಸ್ಸಿನಲ್ಲಿ ಬಂದು, ಮುಂದಕ್ಕೆ ರಿಕ್ಷಾ ಇಲ್ಲವೇ ಪೈಲಟ್ ಬೈಕ್ (ಬಾಡಿಗೆ ಬೈಕ್ ಟ್ಯಾಕ್ಸಿ) ಹಿಡಿಯಿರಿ. ವಾಪಸಿಗೂ ಅವರನ್ನೇ ಗೊತ್ತು ಮಾಡಿಕೊಳ್ಳಿ.

ಚರ್ಚಿನ ಕೆಲಸ ಶುರುವಾದದ್ದು 1681ರಲ್ಲಿ, ಮುಗಿದದ್ದು 1695ರಲ್ಲಿ. ಒಳಗೆ ನುಗ್ಗುವ ಮೊದಲು ಅಂಗಳದ ತುದಿಗೆ ಹೋಗಿ ನಿಲ್ಲಿ. ಐದಂತಸ್ತಿನ ಬಿಳಿ ಮುಖ, ಎರಡೂ ಬದಿ ಗೋಪುರ. ಇಷ್ಟು ಚಿಕ್ಕ ಊರಿಗೆ ಇಷ್ಟು ದೊಡ್ಡದು ಯಾಕೆ ಬೇಕಿತ್ತು ಅನಿಸುತ್ತದೆ. ಓಲ್ಡ್ ಗೋವಾದಲ್ಲಿ ಒಂದು ಮುರುಕು ಗೋಪುರವಷ್ಟೇ ಉಳಿದಿರುವ ಅಗಸ್ಟೀನಿಯನ್ ಸನ್ಯಾಸಿಗಳ ಚರ್ಚು ಇದೆಯಲ್ಲ, ಅದರ ಮುಖವೇ ಇದಕ್ಕೆ ಮಾದರಿ ಎನ್ನುವವರಿದ್ದಾರೆ. ಹಾಗಾಗಿ ಅದನ್ನು ಮೊದಲು ನೋಡಿ ಇಲ್ಲಿಗೆ ಬಂದರೆ ಕಣ್ಣಿಗೆ ಹೆಚ್ಚು ಸಿಗುತ್ತದೆ.

ಸುಣ್ಣದ ಗಾರೆಯ ಒಳಗಿರುವುದು ನಮ್ಮ ಕರಾವಳಿಯದೇ ಕೆಂಪು ಚಿರೆಕಲ್ಲು. ಗಾರೆ ಬಿಟ್ಟಲ್ಲಿ ಕಲ್ಲು ಮಳೆನೀರು ಕುಡಿಯುತ್ತದೆ. ಗೋವಾದ ಮಳೆಗಾಲ ಕಂಡವರಿಗೆ ಇಂಥ ಕಟ್ಟಡ ಕಾಯುವ ಪಾಡು ಬಿಡಿಸಿ ಹೇಳಬೇಕಿಲ್ಲ.

ಒಳಗೆ ಮೊದಲು ತಲೆಯೆತ್ತಿ ಕಮಾನಿನ ಚಾವಣಿ ನೋಡಿ, ಆಮೇಲೆ ಗೋಡೆಗಳ ದಪ್ಪ. ಈ ಗೋಡೆಗಳು ಪೊಳ್ಳು! ಪಾಪನಿವೇದನೆಗೆ ಬರುವವರು ಯಾರ ಕಣ್ಣಿಗೂ ಬೀಳದೆ ಗೋಡೆಯೊಳಗೇ ನಡೆದುಹೋಗಲೆಂದು ಓಣಿ ಬಿಟ್ಟಿದ್ದಾರೆ. ನನಗಂತೂ ಬಲಿಪೀಠಕ್ಕಿಂತ ಇದೇ ಹಿಡಿಸಿತು. ಒಳಹೋಗಲು ಸಿಗುತ್ತದೆ ಎಂದುಕೊಳ್ಳಬೇಡಿ, ನಮಗೆ ಸಿಗಲಿಲ್ಲ.

ಯೇಸುವಿನ ಅಜ್ಜಿ ಸಂತ ಅನ್ನಾ. ಜುಲೈ ಕೊನೆಗೆ ಇಲ್ಲಿ ಸೌತೆಕಾಯಿ ಹಬ್ಬ, ‘ತವಶ್ಯಾಚೆಂ ಫೆಸ್ತ್’. ಮಕ್ಕಳು ಬೇಕೆನ್ನುವವರು ಸೌತೆಕಾಯಿ ಅರ್ಪಿಸುತ್ತಾರೆ. ಹೇಳಿದ್ದಕ್ಕೆ ಅವ್ವ, “ಗುಡ್ಯಾಗ ತೊಟ್ಟಲಾ ಕಟ್ತೀವಲ್ಲ, ಹಂಗ ಅನ್ನು” ಅಂದಳು. ಹಬ್ಬ ನೋಡಬೇಕೆಂದರೆ ಕೊಡೆ ಮರೆಯಬೇಡಿ. ಕಟ್ಟಡವನ್ನೇ ನೋಡುವುದಾದರೆ ನವೆಂಬರ್ ನಂತರ ಬನ್ನಿ.

ಹಳ್ಳಿಯ ಚರ್ಚು ದಿನವಿಡೀ ತೆರೆದಿರುವುದಿಲ್ಲ. ಮಧ್ಯಾಹ್ನ ಹೋದ ನಾವು ಬಾಗಿಲು ಹಾಕಿದ್ದು ಕಂಡು ಹಿಂತಿರುಗಿ, ಭಾನುವಾರ ಬೆಳಿಗ್ಗೆ ಮತ್ತೆ ಬಂದೆವು. ಪೂಜೆ ಮುಗಿದ ಕೂಡಲೇ ಪಾದ್ರಿಗಳನ್ನು ಕೇಳಿ ನೋಡುವುದೇ ಸಲೀಸು. ಪೂಜೆಯ ನಡುವೆ ಫೋಟೊ ಬೇಡ, ಚಡ್ಡಿ ಬೇಡ. ಚಹಾ ಗೋವಾ ವೆಲ್ಹಾದಲ್ಲೇ ಮುಗಿಸಿ ಬನ್ನಿ.