ಸೈಕಲ್ಲಿಗೆ ಎಂಜಿನ್ ಕಟ್ಟಿದ ಭಾನುವಾರ

ಬೆಂಗಳೂರಲ್ಲಿರುವ ನಮ್ಮ ಚಿಕ್ಕಮ್ಮನ ಮಗ ಸೈಕಲ್ಲಿಗೆ ಕಟ್ಟುವ ಚೀನಾ ಎಂಜಿನ್ ಕಿಟ್ ಒಂದನ್ನು ಆಸೆಪಟ್ಟು ತರಿಸಿ, ಪೆಟ್ಟಿಗೆ ಬಿಚ್ಚದೆ ಮಂಚದ ಕೆಳಗೆ ತಳ್ಳಿದ್ದ. ರಸ್ತೆಗೆ ತಂದರೆ ಪೊಲೀಸರು ಹಿಡೀತಾರೆ ಅಂತ ಯಾರೋ ಹೆದರಿಸಿದ್ದರಂತೆ. ಹೆದರಿಸಿದ್ದು ಸುಳ್ಳೇನಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ನಾಲ್ಕಕ್ಕಿಂತ ಕಡಿಮೆ ಚಕ್ರದ ಗಾಡಿಗೆ ಮೋಟಾರು ವಾಹನದ ಲೆಕ್ಕದಿಂದ ವಿನಾಯಿತಿ ಇರುವುದು ಎಂಜಿನ್ 25 ಸಿಸಿ ಮೀರದಿದ್ದರೆ ಮಾತ್ರ. ಇದರ ಪೆಟ್ಟಿಗೆ ಮೇಲೆ 80 ಸಿಸಿ ಅಂತ ಇತ್ತು. ಸಿಲಿಂಡರ್ 47 ಮಿ.ಮೀ. ಅಗಲ, ಪಿಸ್ಟನ್ ಓಡಾಟ 38 ಮಿ.ಮೀ., ಲೆಕ್ಕ ಹಾಕಿದರೆ 66 ಸಿಸಿ ಕೂಡ ಪೂರ್ತಿ ಆಗಲ್ಲ! ಆದರೂ 25ರ ಮೇಲೇ ಅಲ್ವಾ.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಮನೆಯಿಂದ ಹೊಳೆಬದಿಯ ಪಂಪ್‌ಸೆಟ್ಟಿಗೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಮಣ್ಣು ದಾರಿ, ಅಷ್ಟೂ ನಮ್ಮದೇ ಜಾಗ. ಕರೆಂಟು ಬಂದಾಗೆಲ್ಲ ಓಡಬೇಕು. ಹಾಗಾಗಿ ಕಿಟ್ ನನ್ನ ಪಾಲಿಗೆ ಬಂತು, ಪುಕ್ಕಟೆ.

ಮೊದಲು ಅಪ್ಪನ ಕಂಬಿ ಬ್ರೇಕಿನ ಕರಿ ಸೈಕಲ್ಲಿಗೇ ಹಾಕೋಣ ಅಂದುಕೊಂಡೆ. ಗಟ್ಟಿ ಕಬ್ಬಿಣದ ಫ್ರೇಮು, ಕಿಟ್ಟಿನ ಕ್ಲಾಂಪು ಅದಕ್ಕೇ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಆದರೆ ಆ ಬ್ರೇಕು! ನಮ್ಮ ಮಳೆಗೆ ಸ್ಟೀಲ್ ರಿಮ್ ಒದ್ದೆಯಾದರೆ ಹಿಡಿದರೂ ಒಂದೇ, ಬಿಟ್ಟರೂ ಒಂದೇ. ಕೊನೆಗೆ ಪೇಟೆಯ ಸೈಕಲ್ ಶಾಪಿನ ಅಣ್ಣನ ಹತ್ತಿರ ಹಳೇ 26 ಇಂಚಿನ ಗೇರಿಲ್ಲದ ಸೈಕಲ್ ಒಂದನ್ನು 2,500 ರೂಪಾಯಿಗೆ ತಂದೆ. ಕಬ್ಬಿಣದ್ದೇ ಫ್ರೇಮು, ಎರಡೂ ಚಕ್ರಕ್ಕೆ ರಿಮ್ಮನ್ನು ಎರಡು ಬದಿಯಿಂದ ಅಮುಕುವ ವಿ-ಬ್ರೇಕು. ಬ್ರೇಕ್ ರಬ್ಬರು, ಕೇಬಲ್ಲು ಹೊಸದು ಹಾಕಿಸಿ, ಎರಡೂ ಚಕ್ರದ ಬೆಂಡು ತೆಗೆಸಿ, ಸಡಿಲ ಕಡ್ಡಿಗಳನ್ನೆಲ್ಲ ಬಿಗಿ ಮಾಡಿಸಿದೆ.

ಕಡ್ಡಿ ವಿಷಯಕ್ಕೆ ಯಾಕಿಷ್ಟು ತಲೆ ಕೆಡಿಸಿಕೊಂಡೆ ಅಂದರೆ, ಈ ಕಿಟ್ಟಿನಲ್ಲಿ ಎಂಜಿನ್ ಚೈನು ಕೂರುವ 44 ಹಲ್ಲಿನ ಸ್ಪ್ರಾಕೆಟ್ಟು ಹಿಂದಿನ ಚಕ್ರದ ನಡುವಿನ ಹಬ್ಬಿಗೆ ಕೂರುವುದಿಲ್ಲ. ಕಡ್ಡಿಗಳ ಆಚೆ ಈಚೆ ಎರಡು ರಬ್ಬರ್ ಬಿಲ್ಲೆ ಇಟ್ಟು ಒಂಬತ್ತು ಬೋಲ್ಟಿನಲ್ಲಿ ಅಮುಕಿ ಹಿಡಿಸಬೇಕು. ಎಂಜಿನ್ನಿನ ಎಳೆತವೆಲ್ಲ ಹೋಗುವುದು ಆ ಬಡಪಾಯಿ ಕಡ್ಡಿಗಳ ಮೇಲೆ. ಒಂದು ಬೋಲ್ಟನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಸ್ಪ್ರಾಕೆಟ್ಟು ಓರೆಯಾಗುತ್ತೆ. ಎದುರುಬದುರಿನ ಬೋಲ್ಟು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ, ಫ್ರೇಮಿಗೆ ತಂತಿ ತುಂಡು ಕಟ್ಟಿ ಅದರ ತುದಿಗೂ ಹಲ್ಲಿಗೂ ನಡುವಿನ ಸಂದಿ ನೋಡುತ್ತಾ ಚಕ್ರ ತಿರುಗಿಸಿದೆ. ಇದಕ್ಕೇ ಎರಡು ಗಂಟೆ ಹೋಯಿತು. ತಿಂಡಿ ಆರಿತು ಅಂತ ಅಮ್ಮ ಮೂರು ಸಲ ಕೂಗಿದರು.

ಆಮೇಲೆ ಕ್ಲಚ್ಚಿನ ಸಮಸ್ಯೆ. ಕಿಟ್ಟಿನ ಕ್ಲಚ್ ಲಿವರು ಎಡಗೈಗೆ, ಆ್ಯಕ್ಸಿಲರೇಟರು ಬಲಗೈಗೆ. ಹಾಗಾದರೆ ಎಡಗಡೆ ಇದ್ದ ಬ್ರೇಕ್ ಲಿವರು ಎಲ್ಲಿಗೆ ಹೋಗಬೇಕು? ಸೈಕಲ್ ಶಾಪಿನ ಅಣ್ಣನಿಗೆ ಫೋನ್ ಮಾಡಿದೆ. "ಒಂದು ಬ್ರೇಕು ತೆಗೆದು ಬಿಸಾಕಿ ಮಾರಾಯ್ರೇ, ತೋಟದೊಳಗೆ ಎಂತ ಆಗ್ತದೆ" ಅಂದರು. ನನಗೆ ಧೈರ್ಯ ಬರಲಿಲ್ಲ. ಒಂದೇ ಹಿಡಿತಕ್ಕೆ ಎರಡು ಕೇಬಲ್ ಎಳೆಯುವ ಲಿವರು ಸಿಗುತ್ತೆ ಅಂತ ಗೊತ್ತಿತ್ತು, ಮೊದಲೇ ತರಿಸಿದ್ದೆ. ಎರಡೂ ಬ್ರೇಕು ಬಲಗೈಗೆ ಬಂದವು.

ಟ್ಯಾಂಕಿನ ನಲ್ಲಿಯಿಂದ ಪೆಟ್ರೋಲ್ ಒಸರುತ್ತಿತ್ತು, ಕೆಳಗೇ ಬಿಸಿಯಾಗುವ ಸೈಲೆನ್ಸರು. ಕಳೆ ಕಟರಿನ ಪೆಟ್ರೋಲ್ ಪೈಪು, ಹೊಸ ವಾಷರು, ಕ್ಲಿಪ್ಪು ಹಾಕಿದ ಮೇಲೆ ನಿಂತಿತು. ಲೀಟರ್ ಪೆಟ್ರೋಲಿಗೆ 50 ಎಂಎಲ್ 2ಟಿ (ಟೂ-ಸ್ಟ್ರೋಕ್) ಆಯಿಲ್ ಕಲಸಿದೆ. ಆ್ಯಕ್ಸಿಲರೇಟರು ತಿರುಗಿಸಿ ಬಿಟ್ಟರೆ ತಾನಾಗಿ ವಾಪಸ್ ಬರುತ್ತಾ, ಆಫ್ ಮಾಡುವ ಸ್ವಿಚ್ಚು ಸರಿಯಾಗಿದೆಯಾ ಅಂತ ಸ್ಟ್ಯಾಂಡಿನ ಮೇಲೇ ನೋಡಿಕೊಂಡೆ.

ನಾಲ್ಕು ಗಂಟೆಗೆ ಹೆಲ್ಮೆಟ್ ಹಾಕಿ ಅಂಗಳಕ್ಕಿಳಿದೆ. ಕ್ಲಚ್ ಹಿಡಿದು ಹತ್ತು ಹೆಜ್ಜೆ ದೂರ ಪೆಡಲ್ ತುಳಿದು ಕ್ಲಚ್ ಬಿಟ್ಟೆ. ಒಂದು ಸಲ ಕೆಮ್ಮಿ ಪಟಪಟಪಟ ಅಂತ ಹೊತ್ತಿಕೊಂಡಿತು! ಮಗ ಹೋ ಅಂತ ಹಿಂದೆ ಓಡಿ ಬಂದ, ನಾಯಿ ಕೊಟ್ಟಿಗೆ ಸೇರಿತು. ಅಡಿಕೆ ಒಣಗಿಸುವ ಕಣ ದಾಟಿ ತಿರುಗುತ್ತಿದ್ದೆ, ಟಕ್ ಅಂತ ಸದ್ದು. ಹಿಂದಿನ ಚಕ್ರ ಕಚ್ಚಿಕೊಂಡು ನಿಂತೇ ಬಿಟ್ಟಿತು, ನಾನು ಪಕ್ಕಕ್ಕೆ ಬಿದ್ದೆ.

ಎಂಜಿನ್ ಚೈನು ಜೋಲದಂತೆ ಒತ್ತುವ ಪುಟ್ಟ ರಾಟೆಯೊಂದನ್ನು ಫ್ರೇಮಿನ ಹಿಂದಿನ ಕೊಳವೆಗೆ ಕ್ಲಾಂಪಿನಲ್ಲಿ ಹಿಡಿಸಿರುತ್ತಾರೆ. ಆ ಕ್ಲಾಂಪು ಅದುರಿ ಅದುರಿ ಒಳಕ್ಕೆ ತಿರುಗಿ, ರಾಟೆ ನೇರ ಕಡ್ಡಿಗಳ ಮಧ್ಯೆ ನುಗ್ಗಿತ್ತು. ಮೂರು ಕಡ್ಡಿ ಮುರಿದವು, ಮೊಣಕೈ ತರಚಿತು. ನಡಿಗೆ ವೇಗಕ್ಕಿಂತ ತುಸು ಜಾಸ್ತಿ ಇದ್ದಿರಬಹುದು, ಅಷ್ಟೇ. ಇದೇ 30ರಲ್ಲಿ ಹೋಗುವಾಗ ಆಗಿದ್ದರೆ ಅಂತ ಯೋಚಿಸಿ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮುರಿದ ಕಡ್ಡಿ ನೋಡಿ ಅಮ್ಮ, "ನಡ್ಕೊಂಡು ಹೋಗಿದ್ರೆ ಇಷ್ಟೊತ್ತಿಗೆ ಎರಡು ಸಲ ಮೋಟರು ಹಾಕಿ ಬರ್ತಿದ್ದೆ" ಅಂದರು.

ಮುಂದಿನ ವಾರ ಆ ರಾಟೆಯನ್ನೇ ಕಿತ್ತು ಹಾಕಿದೆ. ಎಂಜಿನ್ ಚೈನಿನ ಕೊಂಡಿ ಕತ್ತರಿಸಿ, ಹಿಂದಿನ ಚಕ್ರ ಜರುಗಿಸಿಯೇ ಬಿಗಿ ಮಾಡಿದೆ. ಆಗ ಪೆಡಲ್ ಚೈನು ಸಾಲದೆ ಬಂತು, ಅದಕ್ಕೆ ಅರ್ಧ ಕೊಂಡಿ ಸೇರಿಸಿದೆ. ಎಲ್ಲಾ ಕಡೆ ನೈಲಾನ್ ಹಿಡಿತದ ನಟ್ಟು ಹಾಕಿದೆ. ಈಗ ದಿನಾ ಪಂಪ್‌ಸೆಟ್ಟಿಗೆ ಅದರಲ್ಲೇ ಹೋಗಿಬರುತ್ತಿದ್ದೇನೆ, ಗೇಟಿನ ಆಚೆ ಮಾತ್ರ ತೆಗೆಯುವುದಿಲ್ಲ. ಸೀಟಿನ ಕೆಳಗೆ 10ರ ಸ್ಪಾನರು ಕಟ್ಟಿಟ್ಟಿದ್ದೇನೆ. ನಿನ್ನೆ ನೋಡಿದರೆ ಎಂಜಿನ್ ಹಿಡಿದಿರುವ ಹಿಂದಿನ ನಟ್ಟು ಮತ್ತೆ ಅರ್ಧ ಸುತ್ತು ಸಡಿಲ.