ಜಿಯಾಗ್ರಫಿ ರೂಮಿನಲ್ಲಿ ನೋಡಿದ ಯುದ್ಧ

ನಾವು ಬಿ.ಎ. ಓದುತ್ತಿದ್ದಾಗ ಕಾಲೇಜಿನಲ್ಲಿ ಫಿಲಂ ಕ್ಲಬ್ ಅಂತ ಒಂದಿತ್ತು. ಅದಕ್ಕೆ ದುಡ್ಡಿರಲಿಲ್ಲ, ಜಾಗವೂ ಇರಲಿಲ್ಲ. ಹಿಸ್ಟರಿ ಮೇಷ್ಟ್ರೇ ಅಧ್ಯಕ್ಷರು, ಖಜಾಂಚಿ, ಆಪರೇಟರ್ ಎಲ್ಲ. ಎಂಬತ್ತರ ದಶಕದ ಕೊನೆ. ಪೇಟೆಯ ವಿಡಿಯೋ ಅಂಗಡಿಯಿಂದ ಕಲರ್ ಟಿವಿ, ವಿಸಿಆರ್ ಬಾಡಿಗೆಗೆ ತಂದು ಶನಿವಾರ ಮಧ್ಯಾಹ್ನ ಜಿಯಾಗ್ರಫಿ ರೂಮಿನಲ್ಲಿ ಸಿನಿಮಾ ಹಾಕುತ್ತಿದ್ದರು. ಕಿಟಕಿಗೆ ಕರಿ ಪರದೆ ಇದ್ದದ್ದು ಆ ರೂಮಿಗೆ ಮಾತ್ರ. ಕರೆಂಟ್ ಹೋದರೆ ಬರುವವರೆಗೂ ಮೇಷ್ಟ್ರ ಪಾಠ. ಅದಕ್ಕೆ ಹೆದರಿ ಬರದವರೂ ಇದ್ದರು.

‘ಆಪರೇಷನ್ ಡೇಬ್ರೇಕ್’ ಹಾಕುವ ದಿನ ಮಾತ್ರ ರೂಮು ತುಂಬಿತ್ತು. ಜೇಮ್ಸ್ ಬಾಂಡ್ ಸಿನಿಮಾ ಮಾಡಿದ ಲೂಯಿಸ್ ಗಿಲ್ಬರ್ಟ್ ಇದರ ಡೈರೆಕ್ಟರ್ ಅಂತ ಯಾರೋ ಸುದ್ದಿ ಹಬ್ಬಿಸಿದ್ದರು. ಸುದ್ದಿ ನಿಜವೇ. ಆದರೆ 1975ರ ಈ ಸಿನಿಮಾದಲ್ಲಿ ಬಾಂಡ್‌ನ ಠೀವಿ ಹುಡುಕಿದರೂ ಸಿಗಲ್ಲ. ಸಬ್‌ಟೈಟಲ್ ಇಲ್ಲದ ಇಂಗ್ಲಿಷ್ ನಮಗೆ ಅಷ್ಟಕ್ಕಷ್ಟೆ. ಟಿವಿ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಮೇಷ್ಟ್ರು ಆಗಾಗ ಕನ್ನಡದಲ್ಲಿ ಹೇಳುತ್ತಿದ್ದರು: “ಇವನು ಕುಬಿಶ್. ಇವನು ಗಾಬ್ಚಿಕ್. ಆ ಮೂಲೆಯವನನ್ನ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗ್ತಾನೆ.” ಆ ಮೂಲೆಯವನು ಕಾರೆಲ್ ಚುರ್ದಾ.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಚೆಕ್ ನಾಡು ಜರ್ಮನಿಯ ಕೈವಶವಾಗಿತ್ತು. 1941ರ ಸೆಪ್ಟೆಂಬರ್‌ನಲ್ಲಿ ಹಿಟ್ಲರ್ ಅಲ್ಲಿಗೆ ಕಳಿಸಿದ ಆಳುವವನೇ ರೈನ್‌ಹಾರ್ಡ್ ಹೈಡ್ರಿಕ್. ಬಂದ ಕೆಲವೇ ವಾರಗಳಲ್ಲಿ ನೂರಾರು ಜನರನ್ನು ಕೊಲ್ಲಿಸಿದ. ಯೂರೋಪಿನ ಯಹೂದಿಗಳನ್ನು ಮುಗಿಸುವ ಯೋಜನೆಗೆ ವ್ಯವಸ್ಥೆ ಮಾಡಿದ ವಾನ್‌ಸೀ ಸಭೆಗೆ, 1942ರ ಜನವರಿಯಲ್ಲಿ, ಅಧ್ಯಕ್ಷನಾಗಿ ಕೂತವನೂ ಇವನೇ. ದೇಶ ಬಿಟ್ಟು ಲಂಡನ್ನಿನಲ್ಲಿದ್ದ ಚೆಕ್ ಸರ್ಕಾರ ಇವನನ್ನು ಕೊಲ್ಲಲು ಬ್ರಿಟಿಷರಿಂದ ತರಬೇತಿ ಪಡೆದ ಇಬ್ಬರು ಸೈನಿಕರನ್ನು ಪ್ಯಾರಾಚೂಟಿನಲ್ಲಿ ಇಳಿಸಿತು. ಯಾನ್ ಕುಬಿಶ್ ಮೊರಾವಿಯಾದವನು, ಯೋಸೆಫ್ ಗಾಬ್ಚಿಕ್ ಸ್ಲೊವಾಕಿಯಾದವನು. ಪಿಲ್ಸೆನ್ ಹತ್ತಿರ ಇಳಿಯಬೇಕಾದವರು ದಿಕ್ಕು ತಪ್ಪಿ ಪ್ರಾಗ್‌ನ ಇನ್ನೊಂದು ಮಗ್ಗುಲಿಗೆ ಬಿದ್ದರು. ಐದು ತಿಂಗಳು ಊರಿನ ಜನರೇ ಅವರನ್ನು ಮನೆಯಿಂದ ಮನೆಗೆ ಬಚ್ಚಿಟ್ಟರು.

1942ರ ಮೇ 27. ಪ್ರಾಗ್‌ನ ಲಿಬೆನ್ ಕಡೆ ಇಳಿಯುವ ರಸ್ತೆಯಲ್ಲಿ ಒಂದು ಕಡಿದಾದ ತಿರುವು, ಪಕ್ಕದಲ್ಲೇ ಟ್ರಾಮ್ ನಿಲ್ದಾಣ. ಮೇಲ್ಚಾವಣಿ ತೆರೆದ ಮರ್ಸಿಡಿಸ್ ಕಾರಿನಲ್ಲಿ, ಬೆಂಗಾವಲು ಕೂಡ ಇಲ್ಲದೆ ಹೈಡ್ರಿಕ್ ಬಂದ. ತಿರುವಿನಲ್ಲಿ ಕಾರು ನಿಧಾನವಾಯಿತು. ಗಾಬ್ಚಿಕ್ ಎದುರಿಗೆ ನಿಂತು ಸ್ಟೆನ್ ಗನ್ನಿನ ಕುದುರೆ ಒತ್ತಿದ. ಗುಂಡು ಹಾರಲಿಲ್ಲ!

ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: “ಸುಮ್ನೆ ಸಸ್ಪೆನ್ಸ್‌ಗೆ ಸೇರಿಸಿದ್ದಾರೆ ಸಾರ್!”

ಮೇಷ್ಟ್ರು ಪಾಸ್ ಬಟನ್ ಒತ್ತಿದರು. ಪರದೆ ಮೇಲೆ ಚಿತ್ರ ಗೆರೆಗೆರೆಯಾಗಿ ನಡುಗುತ್ತಾ ನಿಂತಿತು. ಎದ್ದುಹೋಗಿ ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಆ ತಿರುವು ಬರೆದರು. ಇಲ್ಲಿ ಟ್ರಾಮ್ ಹಳಿ, ಇಲ್ಲಿ ಗಾಬ್ಚಿಕ್, ಇಲ್ಲಿ ಕುಬಿಶ್, ಇಷ್ಟು ಮೇಲೆ ಕಾರು ಬರುವುದನ್ನು ನೋಡಿ ಸನ್ನೆ ಮಾಡಲು ನಿಂತ ವಾಲ್ಚಿಕ್. “ಸ್ಟೆನ್ ಕೈಕೊಟ್ಟದ್ದು ಸಿನಿಮಾ ಅಲ್ಲ, ನಿಜವಾಗಿ ನಡೆದದ್ದು,” ಅಂದರು. ಬಂದೂಕನ್ನು ಬ್ಯಾಗಿನಲ್ಲಿ ಮೊಲಕ್ಕೆ ಹಾಕುವ ಹುಲ್ಲಿನ ಕೆಳಗೆ ಬಚ್ಚಿಟ್ಟು ತಂದಿದ್ದರಂತೆ, ಆ ಹುಲ್ಲೇ ಸಿಕ್ಕಿಕೊಂಡಿತು ಅನ್ನುವವರೂ ಇದ್ದಾರೆ. ಡ್ರೈವರ್ ಕಾರು ಓಡಿಸಿಕೊಂಡು ಹೋಗಿದ್ದರೆ ಹೈಡ್ರಿಕ್ ಬದುಕುತ್ತಿದ್ದ. ಅವನೇ ಕಾರು ನಿಲ್ಲಿಸು ಅಂದು ಪಿಸ್ತೂಲು ಹಿಡಿದು ಎದ್ದುನಿಂತ. ಅಷ್ಟರಲ್ಲಿ ಕುಬಿಶ್ ಬಾಂಬ್ ಎಸೆದ. ಅದೂ ಗುರಿ ತಪ್ಪಿ ಹಿಂದಿನ ಚಕ್ರದ ಹತ್ತಿರ ಸಿಡಿಯಿತು. ಚೂರುಗಳು ಸೀಟನ್ನು ಸೀಳಿ ಹೈಡ್ರಿಕ್‌ನ ಮೈಹೊಕ್ಕವು. ಗಾಯ ನಂಜಾಗಿ ಜೂನ್ 4ರಂದು ಆಸ್ಪತ್ರೆಯಲ್ಲಿ ಸತ್ತ.

ಆಮೇಲೆ ಸಿನಿಮಾ ಮುಂದುವರಿಯಿತು. ಅರ್ಧಕ್ಕೆ ನಿಲ್ಲಿಸಿದ್ದಕ್ಕೆ ಗೊಣಗುವವರು ಗೊಣಗಿದರು. ನನಗೆ ಮಾತ್ರ ಈಗಲೂ ಆ ದೃಶ್ಯ ಅಂದರೆ ಬೋರ್ಡಿನ ಮೇಲಿನ ಗೆರೆಗಳ ಸಮೇತವೇ ಕಣ್ಣಿಗೆ ಬರುತ್ತದೆ.

ಕೊನೆಯ ಭಾಗ ನಡೆಯುವುದು ಹತ್ಯೆಯ ನಂತರ ಇವರು ಬಚ್ಚಿಟ್ಟುಕೊಂಡಿದ್ದ ಪ್ರಾಗ್‌ನ ಒಂದು ಚರ್ಚಿನಲ್ಲಿ. ಲಂಡನ್ನಿನಿಂದಲೇ ಬಂದ ಪ್ಯಾರಾಚೂಟಿನವನು ಚುರ್ದಾ, ತಾನಾಗಿ ಜರ್ಮನ್ ಗುಪ್ತ ಪೊಲೀಸರ, ಅಂದರೆ ಗೆಸ್ಟಾಪೊ ಕಚೇರಿಗೆ ಹೋಗಿ ಬಾಯಿಬಿಟ್ಟ. ಜೂನ್ 18ರ ನಸುಕಿನಲ್ಲಿ ನೂರಾರು ಎಸ್ಎಸ್ ಸೈನಿಕರು ಚರ್ಚನ್ನು ಸುತ್ತುವರಿದರು. ಒಳಗೆ ಇದ್ದವರು ಏಳೇ ಜನ. ನೆಲಮಾಳಿಗೆಯ ಗಾಳಿಕಿಂಡಿಯಿಂದ ಪೈಪು ಇಳಿಸಿ ನೀರು ತುಂಬಿಸಿದರು. ಸಿನಿಮಾದಲ್ಲಿ ಏರುತ್ತಿರುವ ನೀರಿನ ನಡುವೆ ಕುಬಿಶ್, ಗಾಬ್ಚಿಕ್ ಇಬ್ಬರೂ ತಬ್ಬಿಕೊಂಡು ಒಬ್ಬರಿಗೊಬ್ಬರು ಗುಂಡು ಹಾರಿಸಿಕೊಳ್ಳುತ್ತಾರೆ. ರೂಮಿನಲ್ಲಿ ಮೂಗು ಸೀಟುವ ಶಬ್ದ ಬಿಟ್ಟರೆ ಬೇರೆ ಇರಲಿಲ್ಲ.

ಲೈಟ್ ಹಾಕಿದ ಮೇಲೆ ಮೇಷ್ಟ್ರು ಅದಕ್ಕೂ ಕತ್ತರಿ ಹಾಕಿದರು. “ಇದು ಡೈರೆಕ್ಟರ್ ಕಟ್ಟಿದ್ದು. ಕುಬಿಶ್ ನೆಲಮಾಳಿಗೆಯಲ್ಲಿ ಇರಲೇ ಇಲ್ಲ. ಮೇಲೆ ಚರ್ಚಿನೊಳಗೆ ಹೋರಾಡಿ ಗಾಯಗೊಂಡು ಸತ್ತ.” ಅಳುತ್ತಿದ್ದವರಿಗೆ ಇದು ಸಿಟ್ಟು ತರಿಸಿತು. ನನಗೂ ಆ ತಬ್ಬುಗೆ ಹಿಡಿಸುವುದಿಲ್ಲ. ಪೂರ್ತಿ ನಗರದ ಕಥೆಯನ್ನು ಅದು ಕೊನೆಯಲ್ಲಿ ಇಬ್ಬರು ಗೆಳೆಯರ ಕಥೆ ಮಾಡಿಬಿಡುತ್ತದೆ.

ಆ ನಗರದ ಕಥೆಯನ್ನು ಮೇಷ್ಟ್ರು ಆ ಸಂಜೆ ಹೇಳಿದರು. ಹೈಡ್ರಿಕ್‌ನನ್ನು ಕೊಂದದ್ದಕ್ಕೆ ಜರ್ಮನ್ನರು ಸೇಡು ತೀರಿಸಿಕೊಂಡದ್ದು ಲಿಡಿಟ್ಸೆ ಅನ್ನುವ ಹಳ್ಳಿಯ ಮೇಲೆ. ಕೊಂದವರಿಗೂ ಆ ಹಳ್ಳಿಗೂ ನಂಟಿತ್ತು ಅನ್ನೋದಕ್ಕೆ ಪುರಾವೆಯೇ ಇರಲಿಲ್ಲ. ಜೂನ್ 10ರಂದು 173 ಗಂಡಸರನ್ನು ಒಂದು ತೋಟದ ಗೋಡೆಗೆ ನಿಲ್ಲಿಸಿ ಗುಂಡಿಟ್ಟು ಕೊಂದರು. ಹೆಂಗಸರನ್ನು ರಾವೆನ್ಸ್‌ಬ್ರೂಕ್ ಸೆರೆಶಿಬಿರಕ್ಕೆ ಅಟ್ಟಿದರು. 82 ಮಕ್ಕಳನ್ನು ವಿಷಾನಿಲಕ್ಕೆ ಹಾಕಿದರು. ಮನೆಗಳನ್ನು ನೆಲಸಮ ಮಾಡಿದರು. ಇನ್ನು ಯಿಂದ್ರಿಷ್ಕಾ ನೊವಾಕೋವಾ ಅನ್ನುವ ಹುಡುಗಿ. ಮುಖಕ್ಕೆ ಗಾಯವಾಗಿದ್ದ ಕುಬಿಶ್ ಸೈಕಲ್ ತುಳಿದುಕೊಂಡು ಬಂದು, ಅದನ್ನು ಬಾಟಾ ಅಂಗಡಿ ಮುಂದೆ ಬಿಟ್ಟು, ಹತ್ತಿರದ ಇವರ ಮನೆ ಸೇರಿದ್ದ. ರಕ್ತ ಹತ್ತಿದ ಸೈಕಲ್ ಬೀದಿಯಲ್ಲಿ ಇದ್ದರೆ ಅಪಾಯ ಅಂತ ಅಮ್ಮ ಮಗಳನ್ನು ಕಳಿಸಿದಳು. ಅವಳು ಹೋಗಿ ಅದನ್ನು ತಳ್ಳಿಕೊಂಡು ಮನೆಗೆ ತಂದಳು. ಅಷ್ಟೇ ಅವಳು ಮಾಡಿದ್ದು. ಅಕ್ಟೋಬರ್ 24ರಂದು ಮೌಟ್‌ಹೌಸೆನ್ ಶಿಬಿರದಲ್ಲಿ, 200ಕ್ಕೂ ಹೆಚ್ಚು ಜನರನ್ನು ಕೊಂದ ದಿನ, ಅವಳನ್ನೂ ಮನೆಯವರ ಜೊತೆ ಕೊಂದರು. 14 ವರ್ಷ.

ಆ ರಾತ್ರಿ ಹಾಸ್ಟೆಲಿನ ಮೆಸ್ಸಿನಲ್ಲಿ ದೊಡ್ಡ ಜಗಳ. ಕೊಂದದ್ದು ಸರಿಯಾ? ನನ್ನ ರೂಂಮೇಟ್ ಸರಿ ಅನ್ನುವ ಕಡೆ. ಅಂಥವನನ್ನು ಮುಟ್ಟಲು ಯಾರಿಗೂ ಆಗಲ್ಲ ಅನ್ನುವ ಭಯ ಮುರಿಯಿತಲ್ಲ, ಅಂದ. ಮರುದಿನ ಲೈಬ್ರರಿಯಿಂದ ಇನ್ನೊಂದು ವಾದವನ್ನೂ ಹೆಕ್ಕಿ ತಂದ: 1938ರಲ್ಲಿ ಚೆಕ್ ನೆಲವನ್ನು ಹಿಟ್ಲರ್‌ಗೆ ಬಿಟ್ಟುಕೊಟ್ಟ ಮ್ಯೂನಿಕ್ ಒಪ್ಪಂದಕ್ಕೆ ತಾನಿನ್ನು ಬದ್ಧನಲ್ಲ ಅಂತ ಬ್ರಿಟನ್ ಹೇಳಿದ್ದು 1942ರ ಆಗಸ್ಟ್‌ನಲ್ಲಿ, ಅಂದರೆ ಇದಾದ ಎರಡೇ ತಿಂಗಳಿಗೆ. ಇದು ಸಣ್ಣ ವಾದ ಅಲ್ಲ.

ನನ್ನ ತಕರಾರು ಬೇರೆ. ಹತ್ಯೆಗೆ ಮೊದಲೇ ಪ್ರಾಗ್‌ನ ಭೂಗತ ಹೋರಾಟಗಾರರು ಲಂಡನ್ನಿಗೆ ರೇಡಿಯೋ ಸಂದೇಶ ಕಳಿಸಿದ್ದರು. ಇದನ್ನು ನಿಲ್ಲಿಸಿ, ಸಾವಿರಾರು ಜನರ ಜೀವಕ್ಕೆ ಬರುತ್ತದೆ ಅಂತ ಬೇಡಿಕೊಂಡಿದ್ದರು. ಲಂಡನ್ನಿನಲ್ಲಿದ್ದ ಅಧ್ಯಕ್ಷ ಬೆನೆಶ್‌ಗೆ ತನ್ನ ದೇಶವೂ ಹೋರಾಡುತ್ತಿದೆ ಅಂತ ಮಿತ್ರರಾಷ್ಟ್ರಗಳಿಗೆ ತೋರಿಸಬೇಕಿತ್ತು. ಆದೇಶ ಕೊಟ್ಟವರು ಒಂದು ಊರಲ್ಲಿ, ಬೆಲೆ ತೆತ್ತವರು ಇನ್ನೊಂದು ಊರಲ್ಲಿ. ಇಳಿದು ಬಂದ ಹುಡುಗರ ಧೈರ್ಯದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಬೇಡ ಅಂದವರೂ ಹೇಡಿಗಳಲ್ಲ ಅಲ್ವಾ? ಸಿನಿಮಾ ಇವರಿಗೆ ಕೊಡಬೇಕಾದಷ್ಟು ಜಾಗ ಕೊಡಲ್ಲ.

ಕೆಲಸದ ಮೇಲೆ ಜರ್ಮನಿಯಲ್ಲಿದ್ದಾಗ ಡ್ರೆಸ್ಡೆನ್‌ನಿಂದ ರೈಲು ಹತ್ತಿ ಪ್ರಾಗ್‌ಗೆ ಹೋಗಿದ್ದೆ. ಆ ತಿರುವು ಈಗ ಇಲ್ಲ, ರಸ್ತೆಗಳನ್ನು ಪೂರ್ತಿ ಬದಲಿಸಿದ್ದಾರೆ, ಹತ್ತಿರದಲ್ಲೊಂದು ಸ್ಮಾರಕ ಇದೆ. ರೆಸ್ಲೋವಾ ಬೀದಿಯ ಚರ್ಚು ಹಾಗೇ ಇದೆ. ಫುಟ್‌ಪಾತಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಆ ಗಾಳಿಕಿಂಡಿ, ಸುತ್ತ ಕಲ್ಲಿನಲ್ಲಿ ಗುಂಡಿನ ಗುರುತು. ಕೆಳಗೆ ನೆಲಮಾಳಿಗೆಯಲ್ಲಿ ಗೋಡೆಗೆ ಕೊರೆದ ಗುಂಡಿಯೊಂದಿದೆ. ಚರಂಡಿಯ ಕಡೆಗೆ ದಾರಿ ಮಾಡಿಕೊಳ್ಳಲು ಅವರು ಕೊನೆಯ ಗಳಿಗೆಯಲ್ಲಿ ಅಗೆದದ್ದು. ಒಬ್ಬ ಮನುಷ್ಯ ಮಂಡಿಯೂರಿ ತೂರಬಹುದು, ಅಷ್ಟೆ. ಸಾಯಲು ಸಿದ್ಧರಾಗಿ ಬಂದವರು ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆ ಗುಂಡಿ ನೋಡಿದರೆ ಬದುಕಿ ಹೊರಗೆ ಹೋಗೋಣ ಅಂತ ಎಷ್ಟು ಕೈ ಸವೆಸಿದ್ದರು ಅನ್ನೋದು ಗೊತ್ತಾಗುತ್ತದೆ. ಅಲ್ಲಿಂದಲೇ ರೂಂಮೇಟ್‌ಗೆ ಫೋಟೋ ಕಳಿಸಿದೆ. “ಈಗಲಾದರೂ ಒಪ್ಕೋ” ಅಂತ ಉತ್ತರ ಬಂತು.

ಕಾಲೇಜಿನಲ್ಲಿ ಈಗ ಪ್ರೊಜೆಕ್ಟರ್ ಇದೆಯಂತೆ, ಫಿಲಂ ಕ್ಲಬ್ ಮತ್ತೆ ಶುರುವಾಗಿದೆಯಂತೆ. ಹುಡುಗರಿಗೆ ಒಂದು ಸಲಹೆ. ಇದನ್ನು ತೋರಿಸುವುದಾದರೆ ಇದೇ ಘಟನೆ ಬಗ್ಗೆ ಚೆಕ್ಕರೇ 1964ರಲ್ಲಿ ತೆಗೆದ, ಯಿರ್ಷಿ ಸೆಕ್ವೆನ್ಸ್ ನಿರ್ದೇಶನದ ‘ಅಟೆಂಟಾಟ್’ ಅನ್ನುವ ಕಪ್ಪು-ಬಿಳುಪು ಸಿನಿಮಾವನ್ನೂ ಜೊತೆಗೆ ಹಾಕಿ. ಆಮೇಲೆ ಚರ್ಚೆಗೆ ನನ್ನ ರೂಂಮೇಟನ್ನು ಕರೆಯಿರಿ, ಬ್ಯಾಂಕಿನಿಂದ ರಿಟೈರ್ ಆಗಿ ಆರಾಮಾಗಿದ್ದಾನೆ, ತಪ್ಪದೆ ಬರುತ್ತಾನೆ. ಎದುರು ಕುರ್ಚಿ ನನಗಿರಲಿ.